ಹೆಸರಘಟ್ಟದಲ್ಲಿ ಕಾರೇ ಮರೆ
ಹಕ್ಕಿ ಫೋಟೋಗೆ, ದೂರದ್ದನ್ನು ಹತ್ತಿರ ತೋರಿಸುವ 600 ಎಂಎಂ ಲೆನ್ಸ್ ಇರಲೇಬೇಕು ಅಂತ ಫೋಟೋ ತೆಗೆಯುವ ಬಗೆಗಿನ ನಿಮ್ಮ ಲೇಖನದಲ್ಲಿದೆ. ಒಪ್ಪಲಾರೆ. ಬೆಂಗಳೂರು ಹತ್ತಿರದ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ನಡೆದು ಹತ್ತಿರ ಹೋದರೆ ನೀಲಕಂಠ ಹಾರಿಬಿಡುತ್ತದೆ. ನಿಂತ ಕಾರಿಗೆ ಅಷ್ಟು ಹೆದರುವುದಿಲ್ಲ. ಇಂಜಿನ್ ಆರಿಸಿ, ಕಿಟಕಿ ಅಂಚಿಗೆ ಹಳೇ ದಿಂಬು ಇಟ್ಟು ಸುಮ್ನೆ ಕೂತರೆ 300 ಎಂಎಂ ಕೂಡ ಸಾಕು. ಕಾರು ಮಾತ್ರ ಮಣ್ಣಿನ ದಾರಿ ಬಿಟ್ಟು ಇಳಿಯಬಾರದು. ಅಲ್ಲಿನ ನೆಲಗುಬ್ಬಿಗಳು ಹುಲ್ಲಿನ ನಡುವೆ, ನೆಲದಲ್ಲೇ ಗೂಡು ಕಟ್ಟುತ್ತವೆ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಯುವ ಚಾಳಿ ಜಾಸ್ತಿಯಾಗಿದೆ, ಅದರ ಬಗ್ಗೆಯೂ ಒಂದು ಮಾತು ಬರೆಯಬಹುದಿತ್ತು ಅಲ್ವಾ?

ಹೂವಿಗೆ ಇಷ್ಟೆಲ್ಲ ಪಾಡಿಲ್ಲ. ವಿಷ್ಣುಕಾಂತಿ ಕಿರುಬೆರಳ ಉಗುರಿನಷ್ಟೇ ಇರುತ್ತದೆ, ಬೋರಲು ಮಲಗಿಯೇ ತೆಗೆಯಬೇಕು. ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನ ಕಳೆದರೆ ಮುಚ್ಚಿಕೊಂಡಿರುತ್ತದೆ.