ಗಿಂಜಾದಲ್ಲಿ ಕೊಹಾದ, ಮುಂಬೈಯಲ್ಲಿ ಬೂತಾಯಿ

ಮುಂಬೈಯಲ್ಲಿ ಮೀನೂಟದ ಹೋಟೆಲ್‌ಗಳನ್ನು ಬೆಳೆಸಿದವರಲ್ಲಿ ನಮ್ಮ ಕರಾವಳಿಯವರು ತುಂಬಾ ಜನ. ಇಲ್ಲೇ ನೆಲೆಸಿರುವ ನನಗೆ ಅದು ಹೆಮ್ಮೆಯ ವಿಷಯ. ಆದರೆ ಅಂಥ ಹೋಟೆಲ್ ಸ್ವಲ್ಪ ಮೇಲಕ್ಕೇರಿತು ಅಂದ ಕೂಡಲೇ ಮೆನುವಿನಿಂದ ಮೊದಲು ಮಾಯವಾಗುವುದು ಬೂತಾಯಿ. ಅಂಜಲ್, ಮಾಂಜಿಯಂಥ ದುಬಾರಿ ಮೀನು ಉಳಿಯುತ್ತದೆ, ಬಟರ್ ಗಾರ್ಲಿಕ್ ಏಡಿ ಹೊಸದಾಗಿ ಸೇರುತ್ತದೆ. ಬೂತಾಯಿ ಅಗ್ಗದ ಮೀನು, ಮುಳ್ಳು ಜಾಸ್ತಿ, ದೊಡ್ಡ ಗಿರಾಕಿಗಳು ಮುಟ್ಟಲ್ಲ ಅನ್ನುತ್ತಾರೆ. ಟೋಕಿಯೊಗೆ ಹೋದಾಗ ಗಿಂಜಾದ ಒಂದು ದುಬಾರಿ ಸುಶಿ ಹೋಟೆಲಿನಲ್ಲಿ ಉಂಡು ಬಂದೆ. ಅಂದಿನಿಂದ ಈ ಮಾತನ್ನು ಒಪ್ಪುವುದು ನನ್ನಿಂದ ಆಗುತ್ತಿಲ್ಲ.

ಅಲ್ಲಿ ಮೆನು ಇರಲಿಲ್ಲ. ಉದ್ದನೆಯ ಮರದ ಹಲಗೆ, ಈಚೆ ಒಂದೇ ಸಾಲಿನಲ್ಲಿ ನಾವು ಕೆಲವೇ ಜನ, ಆಚೆ ಸುಶಿ ಮಾಡುವ ಹಿರಿಯರು. ಏನು ಕೊಡಬೇಕು, ಯಾವುದರ ನಂತರ ಯಾವುದು, ಎಲ್ಲ ಅವರದೇ ತೀರ್ಮಾನ. ಈ ಪದ್ಧತಿಗೆ ಓಮಕಾಸೆ ಅನ್ನುತ್ತಾರೆ. ಸುಶಿ ಅಂದರೆ ಒಂದು ತುತ್ತು ಅನ್ನ, ಅದರ ಮೇಲೆ ಮೀನು. ಟ್ಯೂನಾ ಬಂತು, ಸಿಗಡಿ ಬಂತು. ಚೆನ್ನಾಗಿಯೇ ಇತ್ತು. ಆಮೇಲೆ ಬಂದದ್ದು ಕೊಹಾದ.

ಕೊಹಾದ ಅಂದರೆ ಬೆಳ್ಳಿ ಬಣ್ಣದ, ಮೈಮೇಲೆ ಕಪ್ಪು ಚುಕ್ಕೆಗಳಿರುವ ಸಣ್ಣ ಮೀನು. ನಮ್ಮ ಬೂತಾಯಿಗೆ ದೂರದ ನೆಂಟ. ಇದರಲ್ಲೂ ಸಣ್ಣ ಸಣ್ಣ ಮುಳ್ಳು. ಹೊಟ್ಟೆ ಸೀಳಿ ಬಿಡಿಸಿ ಉಪ್ಪು ಹಾಕುತ್ತಾರೆ, ತೊಳೆಯುತ್ತಾರೆ, ವಿನೆಗರ್‌ನಲ್ಲಿ ನೆನೆಸುತ್ತಾರೆ. ಮೀನಿನ ಗಾತ್ರ, ಕೊಬ್ಬು, ಆ ದಿನದ ಹವೆ ನೋಡಿ ಉಪ್ಪಿನ ಹೊತ್ತು ಬದಲಾಗುತ್ತದೆ. ಹಾಗೇ ಬಿಟ್ಟರೆ ಹುಳಿ ಒಳಗಿಳಿಯುತ್ತದೆ, ಮುಳ್ಳು ಮೆತ್ತಗಾಗುತ್ತದೆ. ನಮ್ಮಲ್ಲಿ ಬೂತಾಯಿ ಪುಳಿಮುಂಚಿ, ಅಂದರೆ ಹುಳಿ ಖಾರದ ಮೀನು ಸಾರು, ಮಾರನೇ ದಿನ ಇನ್ನೂ ರುಚಿ ಅಲ್ವಾ, ಅದೇ ಲೆಕ್ಕ. ಬಾಯಿಗಿಟ್ಟಾಗ ಮೊದಲು ಹುಳಿ, ಹಿಂದೆಯೇ ಮೀನಿನ ಎಣ್ಣೆಯ ರುಚಿ, ಕೊನೆಗೆ ಉಗುರು ಬೆಚ್ಚಗಿನ ಅನ್ನ. ಸುಶಿ ಮಾಡುವವರ ಕೈಗುಣ ತಿಳಿಯಬೇಕಾದರೆ ಕೊಹಾದ ತಿಂದು ನೋಡು ಅನ್ನುವ ಮಾತು ಜಪಾನಿನಲ್ಲಿದೆ. ಅಷ್ಟು ಬೆಲೆಯ ಊಟದಲ್ಲಿ ತಮ್ಮ ಹೆಸರನ್ನು ಅವರು ಪಣಕ್ಕಿಡುವುದು ಇಂಥದೊಂದು ಸಣ್ಣ ಮೀನಿನ ಮೇಲೆ. ಊಟದ ಕೊನೆಗೆ ಬಂದ ಸುರುಳಿಯ ಒಳಗೆ ಇದ್ದದ್ದು ಕಾನ್‌ಪ್ಯೊ. ನಮ್ಮ ಸೋರೆಕಾಯಿಯ ಜಾತಿಯದೇ ಒಂದು ಕಾಯಿಯನ್ನು ಪಟ್ಟಿಪಟ್ಟಿಯಾಗಿ ಸೀಳಿ, ಒಣಗಿಸಿ, ಸೋಯಾ ಸಾಸ್ ಮತ್ತು ಸಕ್ಕರೆಯಲ್ಲಿ ಬೇಯಿಸಿದ್ದು!

ಈ ಸುಶಿ ಹುಟ್ಟಿದ್ದೇ ಬೀದಿಬದಿಯಲ್ಲಿ. ಆಗ ಟೋಕಿಯೊದ ಹೆಸರು ಎದೊ. 1820ರ ದಶಕದಲ್ಲಿ ಹನಾಯ ಯೋಹೇ ಎಂಬವರು ಇದಕ್ಕೆ ಈಗಿನ ರೂಪ ಕೊಟ್ಟರು ಎನ್ನುತ್ತಾರೆ. ಫ್ರಿಜ್ ಇಲ್ಲದ ಕಾಲ. ಅದಕ್ಕೇ ಉಪ್ಪು, ವಿನೆಗರ್, ಸೋಯಾ. ಬೆಲೆ ಈಗ ಎಲ್ಲಿಗೋ ಹೋಗಿದೆ, ಆದರೆ ಗಾಡಿಯ ರೂಢಿ ಹೋಗಿಲ್ಲ. ಮಾಡುವವರು ಕಣ್ಣೆದುರೇ ನಿಂತಿರುತ್ತಾರೆ. ಕೊಟ್ಟ ತಕ್ಷಣ ತಿನ್ನಬೇಕು. ಕೈಯಲ್ಲೇ ತಿಂದರೆ ಯಾರೂ ಹುಬ್ಬೇರಿಸುವುದಿಲ್ಲ, ಬೆರಳು ಒರೆಸಲು ಒದ್ದೆ ಬಟ್ಟೆ ಪಕ್ಕದಲ್ಲೇ ಇರುತ್ತದೆ. ನನ್ನ ಪಕ್ಕ ಕೂತ ಹೆಂಗಸು ಎಡಗೈಯಲ್ಲಿ ತಿನ್ನುತ್ತಿದ್ದರು. ಮೂರನೆಯ ತುಂಡಿನಿಂದಲೇ ಆ ಹಿರಿಯರು ಸುಶಿಯನ್ನು ಎಡಕ್ಕೆ ತಿರುಗಿಸಿ ಇಡತೊಡಗಿದರು. ಒಂದು ಮಾತೂ ಆಡಲಿಲ್ಲ.

ನಮ್ಮ ದೊಡ್ಡ ಹೋಟೆಲ್‌ಗಳಲ್ಲಿ ಅಡುಗೆಯವರ ಮುಖ ಯಾರಿಗೆ ಗೊತ್ತು? ಮಲ್ಪೆಯಿಂದಲೋ ಕುಂದಾಪುರದಿಂದಲೋ ಬಂದು ವರ್ಷಗಟ್ಟಲೆ ಮಸಾಲೆ ಹದ ಮಾಡಿದವರು ಒಳಗೇ ಇರುತ್ತಾರೆ. ಹೊರಗೆ ನಮ್ಮ ಮುಂದೆ ಫೋರ್ಕು, ಚಮಚ. ಫೋರ್ಕಿನಲ್ಲಿ ಬೂತಾಯಿಯ ಮುಳ್ಳು ಬಿಡಿಸಲು ಬರುತ್ತದಾ? ಬೆರಳೇ ಬೇಕು. ಬೆರಳು ಬೇಡ ಅಂದ ಮೇಲೆ ಆ ಮೀನಿಗೂ ಜಾಗ ಇಲ್ಲ.

ಹಾಗಂತ ಟೋಕಿಯೊದ್ದೆಲ್ಲ ನನಗೆ ಹಿಡಿಸಲಿಲ್ಲ. ಆ ಹೋಟೆಲಿನಲ್ಲಿ ಮಾತು ಕಡಿಮೆ, ನಗುವೂ ಕಡಿಮೆ. ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ಶುರು ಮಾಡಿದ ಬೋರ್ಡಿಂಗ್‌ನಲ್ಲಿ ಬಾಳೆಲೆ ಮುಂದೆ ಕೂತರೆ ಸಾರು, ಪಲ್ಯ ಮತ್ತೆ ಮತ್ತೆ ಬರುತ್ತದೆ. ಬಡಿಸುವ ಆ ಧಾರಾಳ ಆ ಹಲಗೆಯ ಮುಂದೆ ಸಿಗಲಿಲ್ಲ. ಅದು ನಮ್ಮದು, ನಾವು ಬಿಡಬಾರದು. ಮೀನು ತಿನ್ನದವರಿಗಂತೂ ಅಲ್ಲಿ ತುಂಬಾ ಕಷ್ಟ. ತರಕಾರಿ ಬೇಯಿಸುವ ನೀರಿಗೂ ಎಷ್ಟೋ ಸಲ ಒಣಮೀನಿನ ಸಾರ ಸೇರಿರುತ್ತದೆ.

ಮುಂಬೈಯ ನಮ್ಮ ಹೋಟೆಲ್ ಮಾಲೀಕರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಮಳೆಗಾಲದ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಆಮೇಲೆ ಒಳ್ಳೆ ಬೂತಾಯಿ ಬಂದ ದಿನ ನಿಮ್ಮ ದುಬಾರಿ ಮೆನುವಿನ ಮೊದಲ ಸಾಲಿನಲ್ಲೇ ಬರೆಯಿರಿ. ಬ್ಯಾಡಗಿ ಮೆಣಸು, ಹುಣಸೆಹುಳಿ, ಮಣ್ಣಿನ ಪಾತ್ರೆ, ಹಿಂದಿನ ದಿನವೇ ಮಾಡಿಟ್ಟ ಪುಳಿಮುಂಚಿ. ಮಾಡಿದವರನ್ನು ಹೊರಗೆ ಕರೆದು ಅವರ ಕೈಯಿಂದಲೇ ಬಡಿಸಿ. ನಾನಂತೂ ಅಂಜಲ್‌ನ ಬೆಲೆ ಕೊಟ್ಟು ತಿನ್ನಲು ತಯಾರಿದ್ದೇನೆ. ಜೊತೆಗೆ ಕುಚ್ಚಲಕ್ಕಿ ಅನ್ನ ಇರಲಿ, ಫೋರ್ಕ್ ಬೇಡ.