125 ಎಂಬ ಅಂಕಿಯ ಜಂಬ

ಬೈಬಲಿನ ಯೋಹಾನನ ಸುವಾರ್ತೆಯ ಒಂದು ಪಪೈರಸ್ (ಜೊಂಡುಗಿಡದಿಂದ ಮಾಡಿದ ಪ್ರಾಚೀನ ಬರಹದ ಹಾಳೆ) ಚೂರಿನ ಚಿತ್ರ ಇವತ್ತು ಮತ್ತೆ ವಾಟ್ಸ್‌ಆ್ಯಪ್‌ನಲ್ಲಿ ಬಂತು. ಕೆಳಗೆ ಅದೇ ಘೋಷಣೆ: ಕ್ರಿ.ಶ. 125ರಲ್ಲಿ ಬರೆದದ್ದು, ವಿಜ್ಞಾನವೇ ಸಾಬೀತುಪಡಿಸಿದೆ. ಹಳೆಯ ಲಿಪಿಗಳ ಹುಚ್ಚು ನನಗೆಷ್ಟಿದೆಯೆಂದು ನಿಮಗೆ ಗೊತ್ತೇ ಇರುವುದರಿಂದ, ಸುಮ್ಮನಿರಲಾರದೆ ಬರೆಯುತ್ತಿದ್ದೇನೆ.

ಮ್ಯಾಂಚೆಸ್ಟರಿನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿರುವ ಈ ಚೂರಿಗೆ ವಿದ್ವಾಂಸರು ಪಿ52 ಎನ್ನುತ್ತಾರೆ. ಗಾತ್ರ ಅಂಗೈಗಿಂತ ಚಿಕ್ಕದು. 1920ರಲ್ಲಿ ಪಪೈರಸ್ ತಜ್ಞ ಬರ್ನಾರ್ಡ್ ಗ್ರೆನ್‌ಫೆಲ್ ಈಜಿಪ್ಟಿನಲ್ಲಿ ಕೊಂಡ ಪಪೈರಸ್‌ಗಳ ನಡುವೆ ಇದ್ದ ಇದನ್ನು ಗುರುತಿಸಿ, 1935ರಲ್ಲಿ ಪ್ರಕಟಿಸಿದವರು ಕಾಲಿನ್ ರಾಬರ್ಟ್ಸ್. ಕಾಲ ತಿಳಿದಿರುವ ಬೇರೆ ಪಪೈರಸ್‌ಗಳ ಅಕ್ಷರಗಳೊಂದಿಗೆ ಹೋಲಿಸಿ ನೋಡಿ, ಎರಡನೆಯ ಶತಮಾನದ ಮೊದಲರ್ಧವಿರಬಹುದೆಂದು ಅವರು ಎಚ್ಚರಿಕೆಯಿಂದ ಹೇಳಿದರು. ಆ ಐವತ್ತು ವರ್ಷಗಳನ್ನು ಹಿಂಡಿ 125 ಎಂಬ ಒಂದೇ ಇಸವಿ ಮಾಡಿದ್ದು ಭಕ್ತಾದಿಗಳ ಪ್ರತಿಭೆ. ಕಲಿತ ಕೈಬರಹವನ್ನು ಲಿಪಿಕಾರ ಮುಪ್ಪಿನವರೆಗೂ ಬಿಡುವುದಿಲ್ಲ, ಶಿಷ್ಯರಿಗೂ ದಾಟಿಸುತ್ತಾನೆ. ಅಕ್ಷರದ ಬಳುಕಿಗೆ ಇಸವಿ ತಿಳಿಯುವುದಿಲ್ಲ. ಇಂಥದೇ ಬರಹ ಎರಡನೆಯ ಶತಮಾನದ ಕೊನೆಗೂ ಮೂರನೆಯದರ ಆರಂಭಕ್ಕೂ ಸಿಗುತ್ತದೆಂದು ವಿದ್ವಾಂಸ ಬ್ರೆಂಟ್ ನಾಂಗ್‌ಬ್ರಿ 2005ರಲ್ಲೇ ತೋರಿಸಿಕೊಟ್ಟಿದ್ದಾರೆ.

ಕಾರ್ಬನ್ ಪರೀಕ್ಷೆ ಮಾಡಿದರಾಯಿತಲ್ಲ ಎನ್ನುವವರಿದ್ದಾರೆ. ಇರುವ ಚೂರಲ್ಲೇ ಒಂದಿಷ್ಟನ್ನು ಕತ್ತರಿಸಿ ಸುಟ್ಟರೂ ಸಿಗುವುದು ಹಲವು ದಶಕಗಳ ಅಂತರವೇ. ಅದೂ ಗಿಡ ಕೊಯ್ದ ಕಾಲ, ಶಾಯಿ ತಾಗಿಸಿದ ಕಾಲವಲ್ಲ.

ಯೇಸುವನ್ನು ವಿಚಾರಣೆ ಮಾಡಿದ ರೋಮನ್ ಅಧಿಪತಿ ಪಿಲಾತನ 'ಸತ್ಯವೆಂದರೇನು' ಎಂಬ ಪ್ರಶ್ನೆ ಇದರಲ್ಲಿ ಕಣ್ಣಿಗೆ ಕಾಣುತ್ತದೆಂದು ಬೇರೆ ಹೇಳುತ್ತಾರೆ. ಕಾಣುವುದಿಲ್ಲ. ಹಿಂಬದಿಯ ಆ ಸಾಲಿನಲ್ಲಿ ಉಳಿದಿರುವುದು ಪ್ರಶ್ನೆ ಮುಗಿದ ಮೇಲಿನ ಕೆಲವೇ ಅಕ್ಷರಗಳು. ಪ್ರಶ್ನೆಯಿದ್ದ ಭಾಗ ಹರಿದುಹೋಗಿದೆ, ಅದನ್ನು ತುಂಬಿಕೊಂಡವರು ವಿದ್ವಾಂಸರು.

ಹೇಳಿಬಿಡುತ್ತೇನೆ, ನಾನೂ ಭಾನುವಾರದ ಆರಾಧನೆ ತಪ್ಪಿಸದವನೇ. ಪ್ರತಿ ಹಳೆಯದಾದಷ್ಟೂ ಯೇಸುವಿನ ಕಾಲಕ್ಕೆ ಹತ್ತಿರ, ಹಾಗಾಗಿ 125 ನಿಜವಾಗಿದ್ದರೆ ಒಳಗೊಳಗೇ ನನಗೂ ಹಿಗ್ಗು. ಅದಕ್ಕೇ ಆ ಅಂಕಿಯ ಮೇಲೆ ಇನ್ನಷ್ಟು ಗುಮಾನಿ. ನಂಬಿಕೆಗೆ ಊರುಗೋಲು ಬೇಕಾದವರು ಅದನ್ನು ಲಿಪಿಶಾಸ್ತ್ರದಿಂದ ಕಿತ್ತುಕೊಳ್ಳುವುದೇಕೆ?

ಇಂಥದೇ ಇನ್ನೊಂದು ಕಥೆ: ಮಾರ್ಕನ ಸುವಾರ್ತೆಯ ಒಂದನೆಯ ಶತಮಾನದ ಚೂರು ಸಿಕ್ಕಿದೆಯೆಂದು 2012ರಲ್ಲಿ ಅಮೆರಿಕದ ಚರ್ಚಾವೇದಿಕೆಯೊಂದರಲ್ಲಿ ಸಾರಲಾಯಿತು. 2018ರಲ್ಲಿ ಅದು ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಊರಿನಲ್ಲಿ ಸಿಕ್ಕ ಪಪೈರಸ್‌ಗಳ ಸಂಪುಟದಲ್ಲಿ ಪ್ರಕಟವಾದಾಗ ಸಂಪಾದಕರು ಕೊಟ್ಟ ಕಾಲ ಎರಡನೆಯ ಶತಮಾನದ ಕೊನೆ ಅಥವಾ ಮೂರನೆಯದರ ಆರಂಭ. ಸಾರಿದವರು ಕ್ಷಮೆ ಕೇಳಿದರು. ಹಂಚಿದವರು ಮಾತ್ರ ಹಂಚುತ್ತಲೇ ಇದ್ದಾರೆ.