ಬರ ಅಂದ್ರೆ ಬರೀ ಬಿರುಕಾ?

ಬರಗಾಲದ ಹೆಸರಿನಲ್ಲಿ ಮಾಡಿದ ಸೆರಾಮಿಕ್ ಕಪ್ಪು, ತಟ್ಟೆಗಳನ್ನು ನೋಡಿದಾಗೆಲ್ಲ ನನ್ನದೊಂದು ತಕರಾರು. ಎಲ್ಲದರ ಮೇಲೂ ಅದೇ ಬಿರುಕು. ಒಣಗಿದ ಕೆರೆಯಂಗಳದ ಫೋಟೋ ಪೇಪರಿನಲ್ಲಿ ಬರುತ್ತದಲ್ಲ, ಅದನ್ನೇ ಕಪ್ಪಿನ ಮೇಲೆ ಇಳಿಸಿಬಿಟ್ಟರೆ ಮುಗಿಯಿತು. ಬೆಲೆ ಮಾತ್ರ ಜಾಸ್ತಿ.

ಗೋಡೆಗೆ ತೂಗುಹಾಕುವುದಾದರೆ ಬೇಡ ಅನ್ನುವುದಿಲ್ಲ. ಆದರೆ ಇದು ಟೀ ಕುಡಿಯುವ ಕಪ್ಪು ಸ್ವಾಮಿ. ಕೆರೆಯ ಮಣ್ಣು ಬಿರಿಯುವುದು ನೀರು ಆರಿ ಕುಗ್ಗುವುದರಿಂದ. ಗ್ಲೇಜಿನ, ಅಂದರೆ ಪಾತ್ರೆಯ ಮೇಲಿನ ಗಾಜಿನಂಥ ಲೇಪದ, ಬಿರುಕಿಗೆ ಕಾರಣವೇ ಬೇರೆ, ಸುಟ್ಟ ಪಾತ್ರೆ ತಣ್ಣಗಾಗುವಾಗ ಮೇಲಿನ ಗ್ಲೇಜು ಒಳಗಿನ ಮಣ್ಣಿಗಿಂತ ಹೆಚ್ಚು ಕುಗ್ಗಿ ಸೀಳುತ್ತದೆ. ಕಡಿಮೆ ಶಾಖದಲ್ಲಿ ಸುಟ್ಟದ್ದಾದರೆ ಆ ಸೀಳಿನಲ್ಲಿ ಟೀ ಇಳಿದು ಕಲೆ ಕಟ್ಟುತ್ತದೆ, ಎಷ್ಟು ಉಜ್ಜಿದರೂ ಹೋಗಲ್ಲ. ಚೀನಾದವರು ಶತಮಾನಗಳ ಹಿಂದೆಯೇ ಇಂಥ ಬಿರುಕನ್ನು ಅಂದ ಮಾಡಿಕೊಂಡರು, ನಿಜ. ಅದಕ್ಕೂ ಬರಕ್ಕೂ ಏನು ಸಂಬಂಧ?

ನನಗೆ ಬೇಕಿರುವುದು ಬರ ಮುಗಿದ ಮೇಲಿನ ಕತೆ. ಹಿರಿಯೂರಿನ ವಾಣಿವಿಲಾಸ ಸಾಗರವನ್ನೇ ನೋಡಿ. 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರಲ್ಲಿ. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಆಮೇಲೆ 2025ರ ಜನವರಿಯಲ್ಲಿ ಇನ್ನೊಮ್ಮೆ ಕೋಡಿ! ಬಯಲುಸೀಮೆಯಲ್ಲಿ ಒಂದೆರಡು ಹದ ಮಳೆಯಾದರೆ ಸಾಕು, ಕೆಂಪಗೆ ಸುಡುತ್ತಿದ್ದ ನೆಲದ ಮೇಲೆ ಗರಿಕೆ ಎದ್ದಿರುತ್ತದೆ.

ಮಜಾ ಏನೆಂದರೆ ಈ ಕೆಂಪು-ಹಸಿರಿನ ಆಟ ಮಡಕೆ ಮಾಡುವವರ ಬೆಂಕಿಯಲ್ಲೇ ಇದೆ. ಕೆಂಪು ಮಣ್ಣಿಗೆ ಬಣ್ಣ ಬರುವುದು ಕಬ್ಬಿಣದಿಂದ. ಗಾಳಿ ಚೆನ್ನಾಗಿ ಆಡುವ ಭಟ್ಟಿಯಲ್ಲಿ ಅದು ಕೆಂಪು, ಕಂದು. ಅದೇ ಕಬ್ಬಿಣವನ್ನು ನೂರಕ್ಕೆ ಒಂದೆರಡು ಪಾಲು ಗ್ಲೇಜಿಗೆ ಸೇರಿಸಿ, ಭಟ್ಟಿಗೆ ಗಾಳಿ ಕಮ್ಮಿ ಮಾಡಿ, ಜೋರು ಶಾಖದಲ್ಲಿ ಸುಟ್ಟರೆ ತಿಳಿ ಹಸಿರು. ಇದನ್ನೇ ಸೆಲಡಾನ್ ಅನ್ನುವುದು. ಇನ್ನೂ ಒಂದಿದೆ, ಗ್ಲೇಜು ಹಚ್ಚದೆ ಬಿಟ್ಟ ತಳ ಭಟ್ಟಿ ತಣಿಯುವಾಗ ಗಾಳಿ ಸೋಕಿ ಮತ್ತೆ ಕೆಂಪಗಾಗುತ್ತದೆ. ಅಂದರೆ ಒಂದೇ ಬಟ್ಟಲಿನಲ್ಲಿ ಹೊರಗೆ ಬೋಳು ಕೆಂಪು, ನೀರು ನಿಲ್ಲುವ ಒಳಗೆ ಹಸಿರು. ಬರ, ಮಳೆ ಎರಡೂ ಬಂತು ಅಲ್ವಾ? ಕೆಳಗೊಂದು ಚೀಟಿ ಅಂಟಿಸಿ ವಿವರಿಸುವ ಕೆಲಸವೇ ಇಲ್ಲ.

ಇನ್ನು ಊರಿನ ಕುಂಬಾರರಿಗೆ ಕೆರೆಯ ಜೇಡಿಮಣ್ಣು ತೆಗೆಯಲು ಆಗುವುದೇ ನೀರು ಹಿಂದೆ ಸರಿದಾಗ. ಬತ್ತಿದ ಕೆರೆ ಅವರಿಗೆ ಬರೀ ಫೋಟೋ ಅಲ್ಲ, ವರ್ಷದ ಮಣ್ಣು. ಈ ದುಬಾರಿ ಕಪ್ಪುಗಳ ಪಕ್ಕದ ಬರಹದಲ್ಲಿ ಅವರ ಸುದ್ದಿ ನಾನಂತೂ ಓದಿಲ್ಲ.

ಯಾರಾದರೂ ನಾನು ಹೇಳಿದಂಥ ಬಟ್ಟಲು ಮಾಡುತ್ತಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಬಿರುಕು ಬೇಡ, ದಿನಾ ತೊಳೆಯುವಂತಿರಲಿ.